ಲೈಬ್ರರಿ ಹಳೆಯದಾದರೆ ಯಾರಿಗೆ ತಿಳಿಸಬೇಕು, ಯಾವಾಗ ತಿಳಿಸಬೇಕು?

ಪ್ರಶ್ನೆ: ಹುಬ್ಬಳ್ಳಿಯಲ್ಲಿ ನಮ್ಮದು ಏಳು ಜನರ ಸಾಫ್ಟ್‌ವೇರ್ ಸಂಸ್ಥೆ. ಸಹಕಾರ ಸಂಘಗಳಿಗೆ ಲೆಕ್ಕಪತ್ರದ ತಂತ್ರಾಂಶ ಮಾಡಿಕೊಡುತ್ತೇವೆ. ಬ್ಯಾಕೆಂಡ್ ಜಾವಾ ಮತ್ತು ಸ್ಪ್ರಿಂಗ್ ಬೂಟ್, ಫ್ರಂಟೆಂಡ್ ರಿಯಾಕ್ಟ್, ವರದಿ ತಯಾರಿಸಲು ಪೈಥಾನ್‌ನಲ್ಲಿ ಒಂದು ಸಣ್ಣ ಸರ್ವಿಸ್. ಗ್ರಾಹಕರೊಬ್ಬರ ಆಡಿಟರ್ ಬಂದು, "ನೀವು ಬಳಸುವ ಲೈಬ್ರರಿಗಳು, ಅಂದರೆ ಬೇರೆಯವರು ಬರೆದಿಟ್ಟ ಸಿದ್ಧ ಕೋಡ್, ಹಳೆಯದಾದರೆ ನಿಮಗೆ ಹೇಗೆ ಗೊತ್ತಾಗುತ್ತದೆ?" ಎಂದು ಕೇಳಿದರು. ಕೂಡಲೇ ನಮ್ಮ ಕೋಡ್ ಇಟ್ಟಿರುವ ಎಲ್ಲ ರೆಪೊಗಳಲ್ಲೂ ಡಿಪೆಂಡಬಾಟ್ ಎಂಬ, ಹಳೆಯ ಲೈಬ್ರರಿಗಳ ಬಗ್ಗೆ ಎಚ್ಚರಿಸುವ ಗಿಟ್‌ಹಬ್‌ನ ಉಪಕರಣವನ್ನು ಚಾಲೂ ಮಾಡಿದೆವು. ಒಂದೇ ವಾರಕ್ಕೆ ಮೇಲ್‌ಬಾಕ್ಸ್ ತುಂಬಿಹೋಯಿತು. ಈಗ ಹುಡುಗರೆಲ್ಲ ಫಿಲ್ಟರ್ ಹಾಕಿಕೊಂಡು ಆ ಮೇಲ್‌ಗಳನ್ನು ನೋಡುವುದನ್ನೇ ಬಿಟ್ಟಿದ್ದಾರೆ. ಎಲ್ಲವನ್ನೂ ಸದಾ ಹೊಸ ಆವೃತ್ತಿಯಲ್ಲೇ ಇಡಬೇಕೆ? ಈ ಎಚ್ಚರಿಕೆಗಳು ಯಾರಿಗೆ ಹೋಗಬೇಕು?

ಉತ್ತರ: ಎಲ್ಲವನ್ನೂ ಸದಾ ಹೊಸದಾಗಿ ಇಡಬೇಕಿಲ್ಲ. ಏಳು ಜನ ಅದನ್ನೇ ಗುರಿ ಮಾಡಿಕೊಂಡು ಕೂತರೆ ಗ್ರಾಹಕರ ಕೆಲಸ ನಿಂತುಹೋಗುತ್ತದೆ. ಹಾಗೆಯೇ, ಫಿಲ್ಟರ್ ಹಾಕಿಕೊಂಡ ಹುಡುಗರನ್ನು ದಯವಿಟ್ಟು ಬೈಯಬೇಡಿ. ಅವರಿಗೆ ಬರುತ್ತಿರುವ ಮೇಲ್‌ಗಳಲ್ಲಿ ತೀರಾ ಬೇರೆ ಬೇರೆ ಬಗೆಯ ಮೂರು ಸುದ್ದಿಗಳು ಒಂದೇ ದನಿಯಲ್ಲಿ, ಒಂದೇ ಅಚ್ಚಿನಲ್ಲಿ ಬರುತ್ತಿವೆ. ನೀವು ಬಳಸುವ ಲೈಬ್ರರಿಯಲ್ಲಿ ಭದ್ರತಾ ದೋಷ ಸಿಕ್ಕಿದೆ ಎನ್ನುವುದು ಒಂದು ಸುದ್ದಿ. ಈ ಲೈಬ್ರರಿಯನ್ನು ಇನ್ನು ಮುಂದೆ ಯಾರೂ ನೋಡಿಕೊಳ್ಳುವುದಿಲ್ಲ ಎನ್ನುವುದು ಇನ್ನೊಂದು. ಹೊಸ ಆವೃತ್ತಿ ಬಂದಿದೆ, ಬೇಕಿದ್ದರೆ ತೆಗೆದುಕೊಳ್ಳಿ ಎನ್ನುವುದು ಮೂರನೆಯದು. ಮೊದಲನೆಯದಕ್ಕೆ ಇಂದೇ ಉತ್ತರ ಬೇಕು, ಎರಡನೆಯದಕ್ಕೆ ಈ ವರ್ಷದ ಯೋಜನೆಯಲ್ಲಿ ಜಾಗ ಬೇಕು, ಮೂರನೆಯದು ತಿಂಗಳಿಗೊಮ್ಮೆ ಒಟ್ಟಾಗಿ ಬಂದರೆ ಸಾಕು. ಇವನ್ನು ಬೇರ್ಪಡಿಸುವುದೇ ನಿಮ್ಮ ಅರ್ಧ ಕೆಲಸ. ಉಳಿದರ್ಧ, ಪ್ರತಿ ಸುದ್ದಿಗೂ ಒಬ್ಬ ವಾರಸುದಾರರನ್ನು ಗೊತ್ತುಮಾಡುವುದು.

ಈ ವಾರಸುದಾರರ ವಿಷಯವನ್ನೇ ಮೊದಲು ಹೇಳುತ್ತೇನೆ, ಏಕೆಂದರೆ ಹೆಚ್ಚಿನವರು ಇದನ್ನು ಕೊನೆಗೆ ಬಿಡುತ್ತಾರೆ. 2017ರಲ್ಲಿ ಅಮೆರಿಕದ ಈಕ್ವಿಫ್ಯಾಕ್ಸ್ ಎಂಬ ಸಾಲಮಾಹಿತಿ ಸಂಸ್ಥೆಯಿಂದ ಸುಮಾರು 14.7 ಕೋಟಿ ಜನರ ವೈಯಕ್ತಿಕ ವಿವರ ಸೋರಿಹೋಯಿತು. ದೋಷ ಇದ್ದದ್ದು ಅಪಾಚೆ ಸ್ಟ್ರಟ್ಸ್ ಎಂಬ ಜಾವಾ ಫ್ರೇಮ್‌ವರ್ಕ್‌ನಲ್ಲಿ. "ಹಳೆಯದನ್ನು ಅಪ್‌ಡೇಟ್ ಮಾಡಲಿಲ್ಲ, ಅನುಭವಿಸಿದರು" ಎಂದು ಈ ಪ್ರಕರಣವನ್ನು ಒಂದೇ ಸಾಲಿನಲ್ಲಿ ಮುಗಿಸುವವರೇ ಹೆಚ್ಚು. ನಡೆದದ್ದು ಅಷ್ಟು ಸರಳವಲ್ಲ. ದೋಷದ ಸುದ್ದಿ ಮತ್ತು ಪರಿಹಾರ ಎರಡೂ ಮಾರ್ಚ್ 7ರಂದು ಬಹಿರಂಗವಾದವು. ಮರುದಿನ ಅಮೆರಿಕ ಸರ್ಕಾರದ ಸೈಬರ್ ತುರ್ತು ತಂಡ ಎಚ್ಚರಿಕೆ ಕಳಿಸಿತು. ಅದರ ಮರುದಿನ, ಮಾರ್ಚ್ 9ರಂದು, ಸಂಸ್ಥೆಯೊಳಗೆ ನಾನೂರಕ್ಕೂ ಹೆಚ್ಚು ಜನರಿಗೆ ಆ ಎಚ್ಚರಿಕೆ ಮೇಲ್‌ನಲ್ಲಿ ಹೋಯಿತು. 48 ಗಂಟೆಯೊಳಗೆ ಸರಿಪಡಿಸಬೇಕೆಂಬ ನಿಯಮವೂ ಅಲ್ಲಿ ಇತ್ತು. ಆದರೂ ದಾಳಿಕೋರರು ಮೇ ತಿಂಗಳಲ್ಲಿ ಅದೇ ಬಾಗಿಲಿನಿಂದ ಒಳಗೆ ಬಂದರು. ಸಂಸ್ಥೆಯವರಿಗೆ ಅದು ಗೊತ್ತಾದದ್ದು ಜುಲೈ 29ರಂದು.

ಅಮೆರಿಕದ ಸರ್ಕಾರಿ ಲೆಕ್ಕಪರಿಶೋಧನಾ ಕಚೇರಿ 2018ರ ವರದಿಯಲ್ಲಿ ಕಾರಣ ಬರೆದಿದೆ. ಮೇಲ್ ಕಳಿಸಿದ ಪಟ್ಟಿಯೇ ಹಳೆಯದಾಗಿತ್ತು. ಆ ಪ್ಯಾಚ್ ಹಾಕಬೇಕಾಗಿದ್ದವರಿಗೆ ಮೇಲ್ ತಲುಪಲೇ ಇಲ್ಲ. ಒಂದು ವಾರದ ನಂತರ ದೋಷ ಎಲ್ಲೆಲ್ಲಿದೆ ಎಂದು ಹುಡುಕಲು ಸ್ಕ್ಯಾನ್ ನಡೆಸಿದರು, ಆ ಸ್ಕ್ಯಾನ್‌ಗೂ ದೋಷವಿದ್ದ ಪೋರ್ಟಲ್ ಸಿಗಲಿಲ್ಲ. ನಾನೂರು ಜನರಿಗೆ ಹೋದ ಮೇಲ್ ಬೇಕಾದ ಒಬ್ಬರಿಗೆ ಹೋಗಲಿಲ್ಲ ಎಂಬುದನ್ನು ನಿಮ್ಮ ಏಳು ಜನರ ತಂಡಕ್ಕೆ ಹೊಂದಿಸಿ ನೋಡಿ. ಎಲ್ಲರಿಗೂ ಹೋಗುವ ಮೇಲ್ ಬಂದಾಗ ಪ್ರತಿಯೊಬ್ಬರೂ "ಉಳಿದ ಆರು ಜನರಲ್ಲಿ ಯಾರೋ ನೋಡಿಕೊಳ್ಳುತ್ತಾರೆ" ಎಂದುಕೊಳ್ಳುತ್ತಾರೆ. ಕೆಲಸ ಬಿಟ್ಟುಹೋದವರ ವಿಳಾಸ ಪಟ್ಟಿಯಲ್ಲಿ ಹಾಗೇ ಉಳಿದಿರುತ್ತದೆ, ಹೊಸದಾಗಿ ಸೇರಿದವರ ಹೆಸರು ಇರುವುದಿಲ್ಲ.

ಆದ್ದರಿಂದ ಪ್ರತಿ ರೆಪೊಗೂ ಒಬ್ಬ ಹೊಣೆಗಾರರ ಹೆಸರು ಬರೆದಿಡಿ. ಅವರು ರಜೆಯಲ್ಲಿದ್ದಾಗ ನೋಡಿಕೊಳ್ಳುವ ಇನ್ನೊಬ್ಬರ ಹೆಸರೂ ಇರಲಿ. ಭದ್ರತಾ ಎಚ್ಚರಿಕೆ ಅವರಿಗೆ ನೇರವಾಗಿ, ಅವರ ಹೆಸರಿಗೇ ಟಿಕೆಟ್ ಆಗಿ ಬರಬೇಕು. ತಂಡದ ಚಾಟ್ ಗುಂಪಿಗೆ ಒಂದು ಸಾಲು ಬಿದ್ದರೆ ಅದು ಸಂಜೆಯೊಳಗೆ ಊಟದ ಫೋಟೊಗಳ ಕೆಳಗೆ ಹೂತುಹೋಗುತ್ತದೆ. ಟಿಕೆಟ್‌ಗೆ ಗಡುವು ಇರುತ್ತದೆ, ಮುಚ್ಚುವಾಗ ಕಾರಣ ಬರೆಯಬೇಕಾಗುತ್ತದೆ. ಹೊಣೆಗಾರರು ಕೆಲಸ ಬಿಟ್ಟು ಹೋಗುವ ದಿನ ಲ್ಯಾಪ್‌ಟಾಪ್ ವಾಪಸ್ ಪಡೆಯುವಂತೆಯೇ ಈ ಹೊಣೆಯನ್ನೂ ಇನ್ನೊಬ್ಬರ ಹೆಸರಿಗೆ ಬದಲಾಯಿಸಿಕೊಳ್ಳಿ.

ಈಗ ಮೊದಲ ಬಗೆಯ ಸುದ್ದಿ, ಭದ್ರತಾ ದೋಷ. ಇಲ್ಲಿ ತಿಳಿಯಬೇಕಾದ ಮುಖ್ಯ ಸಂಗತಿ, ದೋಷ ಸಾಮಾನ್ಯವಾಗಿ ನೀವು ಹೆಸರು ಕೇಳಿದ ಲೈಬ್ರರಿಯಲ್ಲಿ ಇರುವುದಿಲ್ಲ. ನೀವು ಸೇರಿಸಿಕೊಂಡ ಲೈಬ್ರರಿ ಇನ್ನೊಂದನ್ನು ಕರೆದುಕೊಂಡು ಬರುತ್ತದೆ, ಅದು ಮತ್ತೊಂದನ್ನು. 2021ರ ಡಿಸೆಂಬರ್‌ನಲ್ಲಿ ಲಾಗ್4ಜೆ ಎಂಬ, ಪ್ರೋಗ್ರಾಂನ ಆಗುಹೋಗುಗಳನ್ನು ದಾಖಲಿಸುವ ಜಾವಾ ಲೈಬ್ರರಿಯ ದೋಷ ಹೊರಬಂತಲ್ಲ (ದೋಷಗಳ ಸಾರ್ವಜನಿಕ ಪಟ್ಟಿಯಲ್ಲಿ ಅದರ ಸಂಖ್ಯೆ ಸಿವಿಇ-2021-44228, ತೀವ್ರತೆಯ ಅಂಕ 10ಕ್ಕೆ 10), ಆಗ ಗೂಗಲ್‌ನ ತಂಡ ಜಾವಾ ಪ್ಯಾಕೇಜ್‌ಗಳನ್ನು ಇಡುವ ಮೇವನ್ ಸೆಂಟ್ರಲ್ ಭಂಡಾರವನ್ನು ಜಾಲಾಡಿತು. ಅವರ ಮೊದಲ ಲೆಕ್ಕದಲ್ಲಿ 35,000ಕ್ಕೂ ಹೆಚ್ಚು ಜಾವಾ ಪ್ಯಾಕೇಜ್‌ಗಳಿಗೆ ಆ ದೋಷ ತಟ್ಟಿತ್ತು, ಅಂದರೆ ಭಂಡಾರದ ಶೇ. 8ಕ್ಕೂ ಹೆಚ್ಚು. ಅವುಗಳಲ್ಲಿ ಶೇ. 80ಕ್ಕಿಂತ ಹೆಚ್ಚಿನವುಗಳಲ್ಲಿ ಲಾಗ್4ಜೆ ಒಂದಕ್ಕಿಂತ ಹೆಚ್ಚು ಹಂತ ಕೆಳಗೆ ಅಡಗಿತ್ತು. ತಮ್ಮ ಪ್ರಾಜೆಕ್ಟ್‌ನಲ್ಲಿ ಅದು ಇದೆ ಎಂಬುದೇ ಎಷ್ಟೋ ತಂಡಗಳಿಗೆ ಗೊತ್ತಿರಲಿಲ್ಲ.

ನಿಮ್ಮ ಎಚ್ಚರಿಕೆ ವ್ಯವಸ್ಥೆ ಈ ಆಳಕ್ಕೆ ಇಳಿಯುತ್ತದೆಯೇ ಎಂದು ಪರೀಕ್ಷಿಸಿ. ರಿಯಾಕ್ಟ್ ಭಾಗದಲ್ಲಿ ಲಾಕ್ ಫೈಲ್ ಇರುವುದರಿಂದ ಕೆಳಗಿನ ಹಂತದ ಪ್ರತಿ ಪ್ಯಾಕೇಜಿನ ನಿಖರ ಆವೃತ್ತಿ ಅಲ್ಲಿ ದಾಖಲಾಗಿರುತ್ತದೆ. ಅದನ್ನು ಗಿಟ್‌ಗೆ ಕಮಿಟ್ ಮಾಡಿದ್ದೀರಿ ತಾನೆ? ಜಾವಾ ಭಾಗದಲ್ಲಿ ಬಿಲ್ಡ್ ಮಾಡುವ ಮೇವನ್ ಉಪಕರಣಕ್ಕೆ ಅಂಥ ಲಾಕ್ ಫೈಲ್ ಇಲ್ಲ. ಬೇಕಾದ ಲೈಬ್ರರಿಗಳನ್ನು ನಮೂದಿಸುವ ಪೋಮ್ ಫೈಲನ್ನು ಮಾತ್ರ ಓದುವ ಉಪಕರಣಕ್ಕೆ ನೀವು ಬರೆದ ಹೆಸರುಗಳಷ್ಟೇ ಕಾಣುತ್ತವೆ. ಬಿಲ್ಡ್ ನಡೆಯುವಾಗ ಪೂರ್ಣ ಪಟ್ಟಿಯನ್ನು ಗಿಟ್‌ಹಬ್‌ಗೆ ಒಪ್ಪಿಸುವ ವ್ಯವಸ್ಥೆ ಇದೆ, ಡಿಪೆಂಡೆನ್ಸಿ ಸಬ್‌ಮಿಷನ್ ಎನ್ನುತ್ತಾರೆ. ಅದನ್ನು ಚಾಲೂ ಮಾಡಿ. ಮಾಡುವ ಮೊದಲು ಮೇವನ್‌ನ ಡಿಪೆಂಡೆನ್ಸಿ ಟ್ರೀ ಆದೇಶ ಕೊಟ್ಟು ಒಮ್ಮೆ ಪೂರ್ಣ ಪಟ್ಟಿಯನ್ನು ಕಣ್ಣಾರೆ ನೋಡಿ. ಪೈಥಾನ್ ಭಾಗದಲ್ಲಿ ರಿಕ್ವೈರ್‌ಮೆಂಟ್ಸ್ ಫೈಲಿನಲ್ಲಿ ಬರೀ ಹೆಸರುಗಳಿದ್ದು ಆವೃತ್ತಿ ಸಂಖ್ಯೆಗಳಿಲ್ಲದಿದ್ದರೆ, ಯಾವುದು ಹಳೆಯದು ಎಂದು ಯಾವ ಉಪಕರಣವೂ ಖಚಿತವಾಗಿ ಹೇಳಲಾರದು. ಸಂಖ್ಯೆ ನಮೂದಿಸಿ, ದೋಷವಿರುವ ಆವೃತ್ತಿಗಳನ್ನು ಹುಡುಕುವ ಪಿಪ್-ಆಡಿಟ್ ಓಡಿಸಿ.

ಹೆಸರು ಸಿಕ್ಕಿತು ಎಂದ ಮಾತ್ರಕ್ಕೆ ಅಪಾಯ ಇದೆ ಎಂದಲ್ಲ, ಇದು ಇನ್ನೊಂದು ಮುಖ. ಸ್ಪ್ರಿಂಗ್ ಬೂಟ್ ಬಳಸುವ ನಿಮಗೆ ಲಾಗ್4ಜೆ ಪ್ರಕರಣವೇ ಒಳ್ಳೆಯ ಉದಾಹರಣೆ. ಸ್ಪ್ರಿಂಗ್ ಬೂಟ್ ತಾನಾಗಿ ಬಳಸುವುದು ಲಾಗ್‌ಬ್ಯಾಕ್ ಎಂಬ ಬೇರೆ ಲೈಬ್ರರಿಯನ್ನು. ಲಾಗ್4ಜೆಯ ಎಪಿಐ ಜಾರ್ (ಜಾವಾ ಕೋಡ್ ಕಟ್ಟಿಡುವ ಫೈಲೇ ಜಾರ್) ಮತ್ತು ಅದನ್ನು ಬೇರೆಡೆಗೆ ತಿರುಗಿಸುವ ಸೇತುವೆ ಜಾರ್ ಮಾತ್ರ ಜೊತೆಯಲ್ಲಿ ಇರುತ್ತವೆ. ದೋಷ ಇದ್ದದ್ದು ಲಾಗ್4ಜೆ ಕೋರ್ ಜಾರ್‌ನಲ್ಲಿ. ಆ ಡಿಸೆಂಬರ್‌ನಲ್ಲಿ ಹೆಸರು ನೋಡಿಯೇ ಕೆಂಪು ದೀಪ ಹೊತ್ತಿಸಿದ ಸ್ಕ್ಯಾನರ್‌ಗಳನ್ನು ನಂಬಿ, ಲಾಗ್‌ಬ್ಯಾಕ್ ಮಾತ್ರ ಬಳಸುತ್ತಿದ್ದ ತಂಡಗಳೂ ರಾತ್ರಿಯಿಡೀ ಒದ್ದಾಡಿದವು. ನಿಜವಾಗಿ ಕೋರ್ ಬಳಸುತ್ತಿದ್ದವರ ಗೋಳು ಬೇರೆ. ಒಂದೇ ತಿಂಗಳಲ್ಲಿ 2.15.0, 2.16.0, 2.17.0, 2.17.1 ಒಂದರ ಬೆನ್ನಿಗೊಂದು ಬಂದವು, ಪ್ರತಿ ಬಾರಿಯೂ ಅದೇ ಕೆಲಸ ಮತ್ತೆ ಮಾಡಬೇಕಾಯಿತು.

ಹೀಗಾಗಿ ಭದ್ರತಾ ಎಚ್ಚರಿಕೆ ಬಂದಾಗ ಹೊಣೆಗಾರರು ತೀವ್ರತೆಯ ಅಂಕ ಒಂದನ್ನೇ ನೋಡಿ ತೀರ್ಮಾನಿಸಬಾರದು. ಆ ಕೋಡ್ ನಮ್ಮ ಗ್ರಾಹಕರ ಸರ್ವರ್‌ನಲ್ಲಿ ಓಡುತ್ತದೆಯೇ, ಬರೀ ಬಿಲ್ಡ್ ಮಾಡುವಾಗ ನಮ್ಮ ಯಂತ್ರದಲ್ಲಿ ಓಡುತ್ತದೆಯೇ? ಹೊರಗಿನವರು ಕೊಟ್ಟ ಮಾಹಿತಿ ಆ ಕೋಡ್‌ವರೆಗೆ ತಲುಪುತ್ತದೆಯೇ? ಈ ದೋಷವನ್ನು ಈಗಾಗಲೇ ಯಾರಾದರೂ ದಾಳಿಗೆ ಬಳಸುತ್ತಿದ್ದಾರೆಯೇ? ಕೊನೆಯ ಪ್ರಶ್ನೆಗೆ ಅಮೆರಿಕದ ಸೈಬರ್ ಭದ್ರತಾ ಸಂಸ್ಥೆ ಸೀಸಾ 2021ರ ನವೆಂಬರ್‌ನಿಂದ ಒಂದು ಪಟ್ಟಿ ಇಟ್ಟಿದೆ, ದಾಳಿಯಲ್ಲಿ ಬಳಕೆಯಾಗಿದ್ದು ಖಚಿತವಾದ ದೋಷಗಳದ್ದು. ಎಲ್ಲರಿಗೂ ಮುಕ್ತ. ಆ ಪಟ್ಟಿಯಲ್ಲಿ ಹೆಸರಿದ್ದರೆ ಬೇರೆ ಯೋಚನೆ ಬೇಡ, ಅಂದೇ ಸರಿಪಡಿಸಿ.

ರಿಯಾಕ್ಟ್ ಕಡೆ ಪ್ಯಾಕೇಜ್‌ಗಳನ್ನು ತರುವ ಎನ್‌ಪಿಎಂ ಉಪಕರಣದ ಆಡಿಟ್ ಆದೇಶ ಕೊಡುವ ಸಾಲುಗಳಲ್ಲಿ ದೊಡ್ಡ ಪಾಲು ಬಿಲ್ಡ್ ಉಪಕರಣಗಳದ್ದೇ ಆಗಿರುತ್ತದೆ. ಹೊರಗಿನವರು ವಿಚಿತ್ರ ಪಠ್ಯ ಕಳಿಸಿದರೆ ಪ್ರೋಗ್ರಾಂ ನಿಧಾನವಾಗುತ್ತದೆ ಎಂಬಂಥ ದೋಷಗಳು ಅವು. ಆದರೆ ಆ ಉಪಕರಣಕ್ಕೆ ಪಠ್ಯ ಕೊಡುವವರು ನಿಮ್ಮವರೇ. ಡೆವ್ ಡಿಪೆಂಡೆನ್ಸಿಗಳನ್ನು, ಅಂದರೆ ತಂತ್ರಾಂಶ ತಯಾರಿಸುವಾಗ ಮಾತ್ರ ಬೇಕಾದವನ್ನು, ಬಿಟ್ಟು ಆಡಿಟ್ ಮಾಡುವ ಆಯ್ಕೆ ಇದೆ, ಅದನ್ನು ಬಳಸಿ. ಕ್ರಿಯೇಟ್ ರಿಯಾಕ್ಟ್ ಆ್ಯಪ್ ಎಂಬ ಸಿದ್ಧ ಅಚ್ಚಿನಿಂದ ಶುರುಮಾಡಿದ ಪ್ರಾಜೆಕ್ಟ್ ಆಗಿದ್ದರೆ ರಿಯಾಕ್ಟ್-ಸ್ಕ್ರಿಪ್ಟ್ಸ್ ಎಂಬ ಪ್ಯಾಕೇಜ್ ಡೆವ್ ವಿಭಾಗದಲ್ಲಿ ಇರದೆ ಮುಖ್ಯ ವಿಭಾಗದಲ್ಲೇ ಕೂತಿರುತ್ತದೆ, ಅದರಿಂದಲೇ ಸದ್ದು ಕಡಿಮೆಯಾಗುವುದಿಲ್ಲ.

ಈ ರಿಯಾಕ್ಟ್-ಸ್ಕ್ರಿಪ್ಟ್ಸ್ ನನ್ನನ್ನು ನೇರವಾಗಿ ಎರಡನೇ ಬಗೆಯ ಸುದ್ದಿಗೆ ಕರೆದೊಯ್ಯುತ್ತದೆ. ಅದರ 5.0.1 ಆವೃತ್ತಿ ಬಂದದ್ದು 2022ರ ಏಪ್ರಿಲ್‌ನಲ್ಲಿ. ಆಮೇಲೆ ಹೊಸದು ಬರಲಿಲ್ಲ. 2025ರ ಫೆಬ್ರವರಿಯಲ್ಲಿ ರಿಯಾಕ್ಟ್ ತಂಡವೇ ಹೊಸ ಪ್ರಾಜೆಕ್ಟ್‌ಗಳಿಗೆ ಅದನ್ನು ಬಳಸಬೇಡಿ ಎಂದು ಘೋಷಿಸಿತು. ಈಗ ನಿಮ್ಮ ಪ್ರಾಜೆಕ್ಟ್‌ನಲ್ಲಿ ಎನ್‌ಪಿಎಂ ಔಟ್‌ಡೇಟೆಡ್ ಆದೇಶ ಕೊಟ್ಟು ನೋಡಿ. 5.0.1 ಇದ್ದರೆ ಅದರ ಹೆಸರು ಆ ಪಟ್ಟಿಯಲ್ಲಿ ಬರುವುದೇ ಇಲ್ಲ. ನಿಮ್ಮ ಬಳಿ ಇರುವುದೇ ಕೊನೆಯ ಆವೃತ್ತಿ, ಹಾಗಾಗಿ ಲೆಕ್ಕದ ಪ್ರಕಾರ ನೀವು ಸಂಪೂರ್ಣ ಹೊಸದಾಗಿದ್ದೀರಿ! ಇಂಥ ಉಪಕರಣಗಳು ಎರಡು ಸಂಖ್ಯೆಗಳನ್ನು ಹೋಲಿಸುತ್ತವೆ, ಅಷ್ಟೆ. ಕೈಬಿಟ್ಟ ಲೈಬ್ರರಿಗೆ ಹೋಲಿಸಲು ಎರಡನೇ ಸಂಖ್ಯೆಯೇ ಇರುವುದಿಲ್ಲ. ಅತ್ಯಂತ ಹಳಸಿದ ವಸ್ತುವಿನ ಬಗ್ಗೆ ಅತ್ಯಂತ ಕಡಿಮೆ ಎಚ್ಚರಿಕೆ ಬರುವುದು ಇದೇ ಕಾರಣಕ್ಕೆ.

ಸ್ಪ್ರಿಂಗ್ ಬೂಟ್ ಕಡೆಯೂ ನೋಡಿ. 2.7 ಸರಣಿಗೆ ಉಚಿತ ಬೆಂಬಲ 2023ರ ನವೆಂಬರ್‌ಗೆ ಮುಗಿಯಿತು, 2.7.18 ಆ ಸಾಲಿನ ಕೊನೆಯದು. ನೀವಿನ್ನೂ ಅಲ್ಲಿದ್ದರೆ "3 ಬಂದಿದೆ" ಎಂಬ ಪುಲ್ ರಿಕ್ವೆಸ್ಟ್ (ಕೋಡ್‌ನಲ್ಲಿ ಈ ಬದಲಾವಣೆ ಸೇರಿಸಿಕೊಳ್ಳಿ ಎಂಬ ಕೋರಿಕೆ) ಬಂದಿರುತ್ತದೆ, ಬೇರೆ ನೂರು ಪುಲ್ ರಿಕ್ವೆಸ್ಟ್‌ಗಳ ನಡುವೆ, ಅವುಗಳದ್ದೇ ರೂಪದಲ್ಲಿ. ಆದರೆ 2ರಿಂದ 3ಕ್ಕೆ ಹೋಗುವುದು ಒಂದು ಗುಂಡಿ ಒತ್ತುವ ಕೆಲಸವಲ್ಲ. ಜಾವಾ 17 ಬೇಕು. ಜಾವಾಎಕ್ಸ್ ಎಂದು ಶುರುವಾಗುವ ಎಷ್ಟೋ ಪ್ಯಾಕೇಜ್ ಹೆಸರುಗಳು ಜಕಾರ್ತಾ ಆಗಬೇಕು. ನೀವು ಬಳಸುವ ಇತರ ಲೈಬ್ರರಿಗಳೂ ಆ ಬದಲಾವಣೆಗೆ ಸಿದ್ಧವಾಗಿರಬೇಕು. ಇದು ವಾರಗಟ್ಟಲೆ ಕೆಲಸ, ಗ್ರಾಹಕರ ವರ್ಷಾಂತ್ಯದ ಲೆಕ್ಕ ಮುಗಿಯುವ ಮಾರ್ಚ್‌ನಲ್ಲಿ ಕೈ ಹಾಕುವಂಥದ್ದಲ್ಲ. ಡೆವಲಪರ್ ಮೇಲ್‌ಬಾಕ್ಸ್‌ಗೆ ಈ ಸುದ್ದಿ ಬಂದು ಪ್ರಯೋಜನವಿಲ್ಲ, ಸಮಯ ಮತ್ತು ಹಣ ಹಂಚುವ ನಿಮ್ಮ ಮೇಜಿಗೆ ಬರಬೇಕು.

ಇದಕ್ಕೆ ನಾನು ಸೂಚಿಸುವ ದಾರಿ ತೀರಾ ಸರಳ. ನಿಮ್ಮ ತಂತ್ರಾಂಶ ನಿಂತಿರುವ ದೊಡ್ಡ ಕಂಬಗಳ ಹೆಸರು ಬರೆಯಿರಿ: ಜಾವಾ, ಸ್ಪ್ರಿಂಗ್ ಬೂಟ್, ನೋಡ್, ರಿಯಾಕ್ಟ್, ಪೈಥಾನ್, ಡೇಟಾಬೇಸ್, ಸರ್ವರ್‌ನ ಲಿನಕ್ಸ್. ಹತ್ತು ದಾಟುವುದಿಲ್ಲ. ಪ್ರತಿಯೊಂದರ ಬೆಂಬಲ ಮುಗಿಯುವ ದಿನಾಂಕವನ್ನು ಎಂಡ್‌ಆಫ್‌ಲೈಫ್ ಡಾಟ್ ಡೇಟ್ (endoflife.date) ಎಂಬ ಜಾಲತಾಣದಲ್ಲಿ ನೋಡಿ, ಸಂಸ್ಥೆಯ ಕ್ಯಾಲೆಂಡರ್‌ನಲ್ಲಿ ಆ ದಿನಾಂಕಕ್ಕಿಂತ ಒಂಬತ್ತು ತಿಂಗಳು ಮೊದಲೇ ಜ್ಞಾಪನೆ ಹಾಕಿ. ಸೆಂಟ್‌ಒಎಸ್ 7 ಎಂಬ ಲಿನಕ್ಸ್‌ನ ಬೆಂಬಲ 2024ರ ಜೂನ್ 30ಕ್ಕೆ ಮುಗಿಯುತ್ತದೆ ಎಂದು ವರ್ಷಗಳ ಮೊದಲೇ ಪ್ರಕಟವಾಗಿತ್ತು, ನೋಡ್ 18ರದ್ದು 2025ರ ಏಪ್ರಿಲ್ 30 ಎಂಬುದೂ ಮೊದಲೇ ಗೊತ್ತಿತ್ತು. ಮೊದಲೇ ಗೊತ್ತಿರುವ ದಿನಾಂಕಕ್ಕೆ ಬಾಟ್ ಬಂದು ಎಚ್ಚರಿಸಲಿ ಎಂದು ಕಾಯುವುದು ಬೇಡ. ಸಣ್ಣ ಲೈಬ್ರರಿಗಳಿಗೆ ಇಂಥ ದಿನಾಂಕ ಇರುವುದಿಲ್ಲ. ಅವುಗಳಿಗೆ ಆರು ತಿಂಗಳಿಗೊಮ್ಮೆ ಪಟ್ಟಿ ಹಿಡಿದು ಕೂತು, ಕೊನೆಯ ಬಿಡುಗಡೆ ಎರಡು ವರ್ಷಕ್ಕಿಂತ ಹಿಂದಿನದಾಗಿದ್ದರೆ ಅದರ ರೆಪೊ ಇನ್ನೂ ಉಸಿರಾಡುತ್ತಿದೆಯೇ ಎಂದು ನೋಡಿ. ಕೆಲವು ಲೈಬ್ರರಿಗಳು ಕೆಲಸ ಪೂರ್ಣವಾಗಿಯೇ ನಿಂತಿರುತ್ತವೆ, ಅವುಗಳಿಂದ ತೊಂದರೆಯಿಲ್ಲ. ಇದಕ್ಕೆ ಮನುಷ್ಯರ ಕಣ್ಣೇ ಬೇಕು.

ಮೂರನೆಯದು ಮಾಮೂಲಿ ಹೊಸ ಆವೃತ್ತಿಗಳು. ನಿಮ್ಮ ಮೇಲ್‌ಬಾಕ್ಸ್ ತುಂಬಿಸಿದ್ದು ಬಹುಪಾಲು ಇವೇ. ಇದು ನಿಮ್ಮೊಬ್ಬರ ಅನುಭವವಲ್ಲ. ಡಿಪೆಂಡಬಾಟ್‌ಗಿಂತ ಮೊದಲು ಗ್ರೀನ್‌ಕೀಪರ್ ಎಂಬ ಸೇವೆ ಇತ್ತು, ಎನ್‌ಪಿಎಂ ಪ್ಯಾಕೇಜ್‌ಗಳಿಗೆ ಮಾತ್ರ, 2020ರಲ್ಲಿ ನಿಂತಿತು. ಅದನ್ನು ಬಳಸುತ್ತಿದ್ದ ಯೋಜನೆಗಳನ್ನೂ ಒಳಗೊಂಡು ಅಮೆರಿಕದ ನಾರ್ತ್ ಕ್ಯಾರೊಲಿನಾ ಸ್ಟೇಟ್ ವಿಶ್ವವಿದ್ಯಾಲಯದ ಸಂಶೋಧಕರು 2017ರಲ್ಲಿ 7,470 ಗಿಟ್‌ಹಬ್ ಯೋಜನೆಗಳ ಅಧ್ಯಯನ ಪ್ರಕಟಿಸಿದರು. ತಾನಾಗಿ ಪುಲ್ ರಿಕ್ವೆಸ್ಟ್ ಬರುವ ಯೋಜನೆಗಳು, ಏನೂ ಇಲ್ಲದವಕ್ಕಿಂತ 1.6 ಪಟ್ಟು ಹೆಚ್ಚು ಬಾರಿ ಅಪ್‌ಗ್ರೇಡ್ ಆದವು. ಪುಟದ ಮೇಲೆ 'ಹಳೆಯದಾಗಿದೆ' ಎಂಬ ಬಣ್ಣದ ಬ್ಯಾಡ್ಜ್ ತೋರಿಸಿದವು 1.4 ಪಟ್ಟು. ಅಂದರೆ ತಿಳಿಸುವುದರಿಂದ ನಿಜಕ್ಕೂ ಉಪಯೋಗವಿದೆ, ಒಂದು ಸಣ್ಣ ಬ್ಯಾಡ್ಜ್‌ನಿಂದ ಕೂಡ. ಆದರೆ ಬಂದ ಪುಲ್ ರಿಕ್ವೆಸ್ಟ್‌ಗಳಲ್ಲಿ ಮರ್ಜ್ ಆದದ್ದು, ಅಂದರೆ ಒಪ್ಪಿ ಕೋಡ್‌ಗೆ ಸೇರಿಸಿದ್ದು, ಮೂರರಲ್ಲಿ ಒಂದು ಮಾತ್ರ. ಮಾಡಬೇಕಾದ್ದರ ರಾಶಿ ನೋಡಿಯೇ ಡೆವಲಪರ್‌ಗಳು ಸುಸ್ತಾಗುತ್ತಿದ್ದರು. ಈ ಎರಡು ಫಲಿತಾಂಶಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ನನಗೆ ಕಾಣುವುದು, ಪುಲ್ ರಿಕ್ವೆಸ್ಟ್ ರೂಪ ಒಳ್ಳೆಯದು, ಅದರ ಸಂಖ್ಯೆ ಕಡಿಮೆಯಾಗಬೇಕು.

ನಿಮ್ಮ ಡಿಪೆಂಡಬಾಟ್‌ನಲ್ಲಿ ಹೀಗೆ ಬದಲಾಯಿಸಿ. ಮಾಮೂಲಿ ಆವೃತ್ತಿ ಅಪ್‌ಡೇಟ್‌ಗಳ ವೇಳಾಪಟ್ಟಿಯನ್ನು ದಿನದಿಂದ ತಿಂಗಳಿಗೆ ಬದಲಿಸಿ. ಗ್ರೂಪ್ ಆಯ್ಕೆ ಬಳಸಿ ಸಣ್ಣ ಮತ್ತು ಪ್ಯಾಚ್ ಮಟ್ಟದ ಬದಲಾವಣೆಗಳೆಲ್ಲ ಒಂದೇ ಪುಲ್ ರಿಕ್ವೆಸ್ಟ್‌ನಲ್ಲಿ ಬರುವಂತೆ ಮಾಡಿ. ಮೇಜರ್ ಆವೃತ್ತಿಗಳನ್ನು (2ರಿಂದ 3ಕ್ಕೆ ಹೋಗುವಂಥ ದೊಡ್ಡ ಜಿಗಿತ) ಇದರಿಂದ ಹೊರಗಿಡಿ, ಅವನ್ನು ಆರು ತಿಂಗಳ ಆ ಬೈಠಕ್‌ನಲ್ಲಿ ನೀವೇ ಕೈಯಾರೆ ಎತ್ತಿಕೊಳ್ಳಿ. ಪ್ರತಿ ಪುಲ್ ರಿಕ್ವೆಸ್ಟ್‌ಗೂ ಹೊಣೆಗಾರರ (ಅಸೈನಿ) ಹೆಸರು ತಾನಾಗಿ ಬೀಳಲಿ. ಸ್ಪ್ರಿಂಗ್ ಬೂಟ್ ತಾನೇ ಆವೃತ್ತಿ ನಿಗದಿ ಮಾಡುವ ಲೈಬ್ರರಿಗಳಿಗೆ ನೀವು ಪ್ರತ್ಯೇಕ ಸಂಖ್ಯೆ ಬರೆದಿದ್ದರೆ ಅದನ್ನು ತೆಗೆದುಹಾಕಿ, ಒಂದೇ ಸ್ಪ್ರಿಂಗ್ ಬೂಟ್ ಅಪ್‌ಡೇಟ್‌ನಲ್ಲಿ ಹತ್ತಾರು ಲೈಬ್ರರಿಗಳು ಪರಸ್ಪರ ಹೊಂದುವಂತೆ ಬದಲಾಗುತ್ತವೆ. ಭದ್ರತಾ ಅಪ್‌ಡೇಟ್ ಎನ್ನುವುದು ಡಿಪೆಂಡಬಾಟ್‌ನಲ್ಲಿ ಬೇರೆಯದೇ ಸೌಲಭ್ಯ, ಅದು ಈ ತಿಂಗಳ ವೇಳಾಪಟ್ಟಿಗೆ ಕಾಯುವುದಿಲ್ಲ. ಎಷ್ಟೋ ಜನ ಎರಡೂ ಒಂದೇ ಎಂದು ತಿಳಿದು, ಸದ್ದು ತಾಳಲಾರದೆ ಎರಡನ್ನೂ ಆರಿಸಿಬಿಡುತ್ತಾರೆ. ರೆನೊವೇಟ್ ಎಂಬ ಇನ್ನೊಂದು ಉಪಕರಣದಲ್ಲಿ ಬಾಕಿ ಇರುವುದನ್ನೆಲ್ಲ ಒಂದೇ ಪುಟದಲ್ಲಿ ಸಾಲಾಗಿ ತೋರಿಸಿ, ನೀವು ಟಿಕ್ ಹಾಕಿದ್ದಕ್ಕೆ ಮಾತ್ರ ಪುಲ್ ರಿಕ್ವೆಸ್ಟ್ ತೆರೆಯುವ ಡ್ಯಾಶ್‌ಬೋರ್ಡ್ ಇದೆ. ಸಣ್ಣ ತಂಡಕ್ಕೆ ಅದು ಹೆಚ್ಚು ಒಗ್ಗುತ್ತದೆ ಎಂಬುದು ನನ್ನ ಅಭಿಪ್ರಾಯ, ಆದರೆ ಈಗಾಗಲೇ ಹಾಕಿದ್ದನ್ನು ಬದಲಿಸಲೇಬೇಕೆಂದಿಲ್ಲ.

ಇಷ್ಟೆಲ್ಲ ಮಾಡಿದರೂ ಟೆಸ್ಟ್‌ಗಳಿಲ್ಲದಿದ್ದರೆ ಪ್ರಯೋಜನವಾಗದು. ಪುಲ್ ರಿಕ್ವೆಸ್ಟ್ ಜೊತೆಗೆ ಹಸಿರು ಟಿಕ್ ಬಂದಾಗ ಡೆವಲಪರ್ ಧೈರ್ಯವಾಗಿ ಮರ್ಜ್ ಮಾಡುತ್ತಾರೆ, ಇಲ್ಲದಿದ್ದರೆ "ಸದ್ಯ ಓಡುತ್ತಿದೆ, ಮುಟ್ಟುವುದು ಬೇಡ" ಎನ್ನುತ್ತಾರೆ. ಅವರ ಹಿಂಜರಿಕೆ ಸರಿಯಾದದ್ದೇ. ನಿಮ್ಮದು ಲೆಕ್ಕದ ತಂತ್ರಾಂಶ, ಬಡ್ಡಿಯ ಒಂದು ಪೈಸೆ ತಪ್ಪಿದರೂ ಸಂಘದ ಕಾರ್ಯದರ್ಶಿ ನಿಮಗೆ ಫೋನ್ ಮಾಡುತ್ತಾರೆ. ಬಡ್ಡಿ ಲೆಕ್ಕ, ದಿನವಹಿ ಮುಕ್ತಾಯ, ಅಡಾವೆ ಪತ್ರಿಕೆ ಮುದ್ರಣ, ಲಾಗಿನ್, ಈ ನಾಲ್ಕಕ್ಕಾದರೂ ಸ್ವಯಂಚಾಲಿತ ಟೆಸ್ಟ್ ಬರೆಯಿರಿ. ಎಚ್ಚರಿಕೆಯ ಉಪಕರಣಕ್ಕೆ ಕೊಡುವ ಸಮಯಕ್ಕಿಂತ ಇದಕ್ಕೆ ಹೆಚ್ಚು ಸಮಯ ಕೊಡಿ.

"ಹೊಸದು ಬಂದ ಕೂಡಲೇ ಹಾಕಿಕೊಳ್ಳುವುದು ಸುರಕ್ಷಿತ" ಎಂಬ ನಂಬಿಕೆಯೂ ಈಚಿನ ವರ್ಷಗಳಲ್ಲಿ ಅಲುಗಾಡಿದೆ. 2024ರ ಮಾರ್ಚ್ 29ರಂದು ಎಕ್ಸ್‌ಝಡ್ ಎಂಬ ಫೈಲ್ ಕುಗ್ಗಿಸುವ ಉಪಕರಣದ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಯಾರೋ ಉದ್ದೇಶಪೂರ್ವಕವಾಗಿ ಹಿಂಬಾಗಿಲು ಇಟ್ಟಿದ್ದು ಬಯಲಾಯಿತು. ಆಂಡ್ರೆಸ್ ಫ್ರಾಯಂಡ್ ಎಂಬ ಎಂಜಿನಿಯರ್, ತಮ್ಮ ಯಂತ್ರದಲ್ಲಿ ಎಸ್‌ಎಸ್‌ಎಚ್ (ಬೇರೆ ಯಂತ್ರದಿಂದ ಸುರಕ್ಷಿತವಾಗಿ ಪ್ರವೇಶಿಸುವ ವಿಧಾನ) ಲಾಗಿನ್ ಸುಮಾರು ಅರ್ಧ ಸೆಕೆಂಡ್ ನಿಧಾನವಾದದ್ದೇಕೆ ಎಂದು ಕೆದಕಿ ಅದನ್ನು ಪತ್ತೆಹಚ್ಚಿದರು. ಡೆಬಿಯನ್ ಲಿನಕ್ಸ್‌ನ ಸ್ಥಿರ ಆವೃತ್ತಿ ಬಳಸುತ್ತಿದ್ದವರಿಗೆ ಏನೂ ಆಗಲಿಲ್ಲ, ಅವರಲ್ಲಿ ಇದ್ದದ್ದು ಹಳೆಯ ಎಕ್ಸ್‌ಝಡ್. 2025ರ ಸೆಪ್ಟೆಂಬರ್ 8ರಂದು ಚಾಕ್, ಡಿಬಗ್ ಮೊದಲಾದ ಹದಿನೆಂಟು ಎನ್‌ಪಿಎಂ ಪ್ಯಾಕೇಜ್‌ಗಳಿಗೆ ಬಳಕೆದಾರರ ಕ್ರಿಪ್ಟೊ ಹಣ ಕದಿಯುವ ಕೋಡ್ ಸೇರಿತು. ವಾರಕ್ಕೆ ಇನ್ನೂರು ಕೋಟಿಗೂ ಹೆಚ್ಚು ಬಾರಿ ಡೌನ್‌ಲೋಡ್ ಆಗುವ ಪ್ಯಾಕೇಜ್‌ಗಳವು. ಆ ಕೆಟ್ಟ ಆವೃತ್ತಿಗಳು ಇದ್ದದ್ದು ಸುಮಾರು ಎರಡು ಗಂಟೆ ಮಾತ್ರ. ಆ ಎರಡು ಗಂಟೆಯಲ್ಲಿ ಅಪ್‌ಡೇಟ್ ತೆಗೆದುಕೊಂಡವರಿಗೆ ತಟ್ಟಿತು, ಒಂದು ದಿನ ತಡೆದವರಿಗೆ ತಟ್ಟಲಿಲ್ಲ.

ಆದ್ದರಿಂದ ಮಾಮೂಲಿ ಹೊಸ ಆವೃತ್ತಿ ಬಿಡುಗಡೆಯಾಗಿ ಏಳರಿಂದ ಹತ್ತು ದಿನ ಕಳೆಯುವವರೆಗೆ ನಿಮಗೆ ಸುದ್ದಿಯೇ ಬರದಂತೆ ಮಾಡಿ. ಡಿಪೆಂಡಬಾಟ್‌ನಲ್ಲಿ ಇದಕ್ಕೆ ಕೂಲ್‌ಡೌನ್ ಎಂಬ ಆಯ್ಕೆ 2025ರಲ್ಲಿ ಬಂದಿದೆ, ರೆನೊವೇಟ್‌ನಲ್ಲಿ ಅದಕ್ಕೂ ಮೊದಲಿನಿಂದ ಇದೆ. ಭದ್ರತಾ ಅಪ್‌ಡೇಟ್‌ಗಳಿಗೆ ಡಿಪೆಂಡಬಾಟ್ ಈ ತಡೆಯನ್ನು ಅನ್ವಯಿಸುವುದಿಲ್ಲ, ಅನ್ವಯಿಸಬಾರದು ಕೂಡ. ಸೆಪ್ಟೆಂಬರ್‌ನ ಆ ದಾಳಿ ಶುರುವಾದದ್ದು ಹೇಗೆ ಎಂಬುದನ್ನೂ ನಿಮ್ಮ ತಂಡಕ್ಕೆ ಹೇಳಿ. ಎನ್‌ಪಿಎಂ ಹೆಸರಿನಲ್ಲಿ ಬಂದ, "ನಿಮ್ಮ ಎರಡು ಹಂತದ ದೃಢೀಕರಣವನ್ನು ಅಪ್‌ಡೇಟ್ ಮಾಡಿ" ಎಂಬ ನಕಲಿ ಮೇಲ್‌ನಿಂದ ಪ್ಯಾಕೇಜ್‌ಗಳ ನಿರ್ವಾಹಕರೊಬ್ಬರ ಖಾತೆ ಕೈತಪ್ಪಿತು. ಅಪ್‌ಡೇಟ್ ಸೂಚನೆಯೇ ಬಲೆಯಾಯಿತು. ಮೇಲ್‌ನಲ್ಲಿ ಬಂದ ಯಾವ ಕೊಂಡಿಯನ್ನೂ ಒತ್ತದೆ, ರೆಪೊ ತೆರೆದು ಅಲ್ಲಿಯೇ ಎಚ್ಚರಿಕೆ ಇದೆಯೇ ಎಂದು ನೋಡುವ ಅಭ್ಯಾಸ ಎಲ್ಲರಿಗೂ ಬರಲಿ.

ನಿಮ್ಮಂಥವರಿಗೆ ಮಾತ್ರ ಇರುವ ಇನ್ನೊಂದು ತೊಡಕು ಇದೆ. ಡಿಪೆಂಡಬಾಟ್ ನೋಡುವುದು ನಿಮ್ಮ ರೆಪೊದ ಮುಖ್ಯ ಬ್ರ್ಯಾಂಚನ್ನು. ತಂತ್ರಾಂಶ ಓಡುವುದು ಒಂದೊಂದು ಸಂಘದ ಕಚೇರಿಯ ಸರ್ವರ್‌ನಲ್ಲಿ, ಕಳೆದ ವರ್ಷ ಇನ್‌ಸ್ಟಾಲ್ ಮಾಡಿದ ಆವೃತ್ತಿಯಲ್ಲಿ. ನೀವು ಇಲ್ಲಿ ಮರ್ಜ್ ಮಾಡಿದ ಕೂಡಲೇ ಎಚ್ಚರಿಕೆ ಮಾಯವಾಗುತ್ತದೆ, ಅಲ್ಲಿ ದೋಷ ಹಾಗೇ ಇರುತ್ತದೆ. ಕೆಲಸ ಮುಗಿಸಿಕೊಟ್ಟು ಮುಚ್ಚಿಟ್ಟ ರೆಪೊಗಳ ಕಥೆ ಇನ್ನೂ ಕಷ್ಟದ್ದು. ಬಂದ ಪುಲ್ ರಿಕ್ವೆಸ್ಟ್‌ಗಳನ್ನು 90 ದಿನ ಯಾರೂ ಮುಟ್ಟದಿದ್ದರೆ ಡಿಪೆಂಡಬಾಟ್ ಹೊಸದನ್ನು ತೆರೆಯುವುದನ್ನು ತಾನಾಗಿ ನಿಲ್ಲಿಸುತ್ತದೆ.

ಇದಕ್ಕೆ ದಾರಿ ಎಸ್‌ಬಾಮ್, ಅಂದರೆ ನೀವು ಗ್ರಾಹಕರಿಗೆ ಕೊಟ್ಟ ಪ್ರತಿ ಆವೃತ್ತಿಯೊಳಗೆ ಯಾವ ಯಾವ ಘಟಕ, ಯಾವ ಸಂಖ್ಯೆಯದು ಇದೆ ಎಂಬ ಯಂತ್ರ ಓದಬಲ್ಲ ಪಟ್ಟಿ. ಸೈಕ್ಲೋನ್‌ಡಿಎಕ್ಸ್ ನಮೂನೆಯ ಪಟ್ಟಿಯನ್ನು ಮೇವನ್ ಮತ್ತು ಎನ್‌ಪಿಎಂ ಎರಡರ ಬಿಲ್ಡ್‌ನಲ್ಲೂ ತಾನಾಗಿ ತಯಾರಿಸಬಹುದು. ಅದನ್ನು ಓವಾಸ್ಪ್ ಸಂಸ್ಥೆಯ ಡಿಪೆಂಡೆನ್ಸಿ-ಟ್ರ್ಯಾಕ್ ಎಂಬ ಉಚಿತ ತಂತ್ರಾಂಶಕ್ಕೆ ಕೊಟ್ಟರೆ, ಹೊಸ ದೋಷ ಪ್ರಕಟವಾದಾಗಲೆಲ್ಲ ಅದು ಹಳೆಯ ಪಟ್ಟಿಗಳನ್ನು ಮತ್ತೆ ತಾಳೆ ನೋಡಿ, ಯಾವ ಬಿಡುಗಡೆಗೆ ತಟ್ಟಿದೆ ಎಂದು ತಿಳಿಸುತ್ತದೆ. ಕೋಡ್‌ನಲ್ಲಿ ಒಂದು ಸಾಲೂ ಬದಲಾಗದ ರೆಪೊಗೂ ಇದು ಕೆಲಸ ಮಾಡುತ್ತದೆ. ಪ್ರತಿ ಬಿಡುಗಡೆಯ ಹೆಸರಿನಲ್ಲಿ ಅದು ಯಾವ ಸಂಘಗಳಲ್ಲಿ ಇದೆ ಎಂಬುದನ್ನೂ ಬರೆದಿಡಿ.

ಆಡಿಟರ್‌ಗೂ ಇದನ್ನೇ ತೋರಿಸಿ. ಭಾರತ ಸರ್ಕಾರದ ಸೈಬರ್ ತುರ್ತು ತಂಡ ಸರ್ಟ್-ಇನ್ 2024ರ ಅಕ್ಟೋಬರ್‌ನಲ್ಲಿ ಎಸ್‌ಬಾಮ್ ಬಗ್ಗೆ ತಾಂತ್ರಿಕ ಮಾರ್ಗಸೂಚಿ ಹೊರಡಿಸಿದೆ, ತಂತ್ರಾಂಶ ಸೇವೆ ಕೊಡುವ ಸಂಸ್ಥೆಗಳನ್ನೂ ಅದು ಉದ್ದೇಶಿಸಿದೆ. ಅದೇ ವರ್ಷದ ಆಗಸ್ಟ್‌ನಲ್ಲಿ ಸೆಬಿ ತನ್ನ ವ್ಯಾಪ್ತಿಯ ಸಂಸ್ಥೆಗಳಿಗೆ ಕೊಟ್ಟ ಸೈಬರ್ ಚೌಕಟ್ಟಿನಲ್ಲೂ ಎಸ್‌ಬಾಮ್ ಸೇರಿದೆ. ಡ್ಯಾಶ್‌ಬೋರ್ಡ್‌ನ ಸ್ಕ್ರೀನ್‌ಶಾಟ್‌ಗಿಂತ ಅವರಿಗೆ ಬೇಕಾದದ್ದು ಒಂದು ಪುಟದ ಲಿಖಿತ ಕ್ರಮ: ಯಾವ ಬಗೆಯ ಸುದ್ದಿ ಯಾರಿಗೆ ಬರುತ್ತದೆ, ಎಷ್ಟು ದಿನದಲ್ಲಿ ತೀರ್ಮಾನ, ಸರಿಪಡಿಸದೆ ಬಿಟ್ಟದ್ದಕ್ಕೆ ಕಾರಣ ಎಲ್ಲಿ ದಾಖಲಾಗುತ್ತದೆ. ಜೊತೆಗೆ ಕಳೆದ ಮೂರು ತಿಂಗಳಲ್ಲಿ ಮುಚ್ಚಿದ ಟಿಕೆಟ್‌ಗಳು.

ಗ್ರಾಹಕರೊಂದಿಗಿನ ವಾರ್ಷಿಕ ನಿರ್ವಹಣಾ ಒಪ್ಪಂದದಲ್ಲಿ ಎರಡು ಸಾಲು ಸೇರಿಸುವುದನ್ನು ಮರೆಯಬೇಡಿ. ಗಂಭೀರ ಭದ್ರತಾ ದೋಷ ಕಂಡುಬಂದರೆ ಇಷ್ಟು ದಿನದೊಳಗೆ ಸಂಘಕ್ಕೆ ಲಿಖಿತವಾಗಿ ತಿಳಿಸುತ್ತೇವೆ ಎಂಬುದು ಒಂದು. ಅಪ್‌ಡೇಟ್ ಹಾಕಲು ಸಂಘ ಸರ್ವರ್ ಬಿಟ್ಟುಕೊಡಬೇಕು, ಒಪ್ಪಂದ ನವೀಕರಿಸದ ಸಂಘಕ್ಕೆ ಈ ಸೇವೆ ಯಾವ ದಿನಾಂಕಕ್ಕೆ ಮುಗಿಯುತ್ತದೆ ಎಂಬುದು ಇನ್ನೊಂದು. ಆ ಸೂಚನೆ ಸಂಘದಲ್ಲಿ ಯಾರ ಹೆಸರಿಗೆ ಹೋಗಬೇಕು ಎಂಬುದನ್ನು ಪ್ರತಿ ಆಡಳಿತ ಮಂಡಳಿ ಬದಲಾದಾಗ ಫೋನ್ ಮಾಡಿ ಕೇಳಿ ಸರಿಪಡಿಸಿಕೊಳ್ಳಿ.